ಮನೆ ಕೆಡಹುವ ಮೊದಲು ನಕಾಶೆಯ ಮುಂದೆ ನೀವೂ ಕುಳಿತುಕೊಳ್ಳಿ

"ಹಳೇ ಮನಿ ಕೆಡವಿ ಕಾಂಪ್ಲೆಕ್ಸ್ ಕಟ್ಟಸೂನು. ಕೆಳಗ ಅಂಗಡಿ, ಮ್ಯಾಲ ಮನಿ!"

ಈ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿದೆಯೇ? ಹಾಗಿದ್ದರೆ ಒಲೆ ಸಣ್ಣಗೆ ಮಾಡಿ ಸ್ವಲ್ಪ ಹೊತ್ತು ಇದನ್ನು ಓದಿ. ಕೆಳಗೆ ನಾಲ್ಕು ಅಂಗಡಿ, ಮೇಲೆ ಟೈಲ್ಸ್ ಹಾಕಿದ ಹೊಸ ಮನೆ, ತಿಂಗಳಾದರೆ ಕೈಗೆ ಬಾಡಿಗೆ... ಕೇಳಲು ಎಷ್ಟು ಚೆಂದ! ಚಿಕ್ಕೋಡಿಯ ನಮ್ಮ ಮನೆಯಲ್ಲೂ ಹೀಗೇ ಶುರುವಾಯಿತು.

ಒಂದು ಭಾನುವಾರ ಎಂಜಿನಿಯರ್ ಬಂದು ಪಡಸಾಲೆಯಲ್ಲಿ ನಕಾಶೆ ಬಿಚ್ಚಿದರು. ನಮ್ಮನೆಯವರು, ಮೈದುನ, ಪಕ್ಕದ ಮನೆಯ ಕಾಕಾ ಎಲ್ಲರೂ ಅದರ ಮೇಲೆ ಬಾಗಿದರು. ನಾನು ಚಹಾ ಕೊಟ್ಟು ಒಳಗೆ ಹೊರಟಿದ್ದೆ. ಆಗ ಬಾಗಿಲ ಹತ್ತಿರ ಕುಳಿತಿದ್ದ ಅತ್ತೆ ಕೇಳಿದರು:

"ಯಪ್ಪಾ, ಇದ್ರಾಗ ನನ್ನ ಖೋಲಿ ಯಾವುದು?"

"ಮ್ಯಾಲ ಐತಿ ಬಿಡವಾ" ಅಂದ ಮೈದುನ, ತಲೆ ಎತ್ತದೆ.

ಅತ್ತೆಗೆ ಎಪ್ಪತ್ತೆರಡು ವರ್ಷ. ಮೊಣಕಾಲು ನೋವಿನಿಂದ ಹೊಸ್ತಿಲು ದಾಟುವಾಗಲೂ ಗೋಡೆ ಹಿಡಿಯುತ್ತಾರೆ. ಅಂಗಡಿಯ ಎತ್ತರ 12 ಅಡಿ, ಒಂದೊಂದು ಮೆಟ್ಟಿಲು 7 ಇಂಚು. ಲೆಕ್ಕ ಹಾಕಿ ನೋಡಿದೆ. ಅತ್ತೆಯ ಖೋಲಿ 21 ಮೆಟ್ಟಿಲುಗಳ ಮೇಲಿತ್ತು! ಒಮ್ಮೆ ಮೇಲೆ ಹತ್ತಿದರೆ ಅವರು ಮತ್ತೆ ಕೆಳಗೆ ಇಳಿಯುವುದು ಯಾವಾಗ? ಈ ಪ್ರಶ್ನೆ ಅಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

ಹಳೇ ಮನೆ ಕೊಟ್ಟದ್ದೇನು?

ನಮ್ಮ ಕಡೆ ಈಗ ಯಾವ ಪೇಟೆಗೆ ಹೋದರೂ ಇದೇ ದೃಶ್ಯ. ತಂಬಾಕಿನ ವ್ಯಾಪಾರದಿಂದ ಬೆಳೆದ ನಿಪ್ಪಾಣಿ, ಚಪ್ಪಲಿಗೆ ಹೆಸರಾದ ಅಥಣಿ, ರಾಯಬಾಗ, ಹೊಸ ತಾಲ್ಲೂಕಾದ ಕಾಗವಾಡ... ರಸ್ತೆಗೆ ಮುಖ ಮಾಡಿದ ಹಳೇ ಮನೆಗಳು ಒಂದೊಂದಾಗಿ ಇಳಿಯುತ್ತಿವೆ, ಅಲ್ಲಿ ಶಟರ್ ಏಳುತ್ತಿವೆ. ತಪ್ಪೇನೂ ಇಲ್ಲ. ಮಣ್ಣಿನ ಮಾಳಿಗೆ ಪ್ರತಿ ಮಳೆಗಾಲದಲ್ಲಿ ಸೋರುತ್ತದೆ, ತೊಲೆಗೆ ಗೆದ್ದಲು ಹಿಡಿಯುತ್ತದೆ, ಗೋಡೆ ಬಿರುಕು ಬಿಡುತ್ತದೆ. ಅಣ್ಣ ತಮ್ಮಂದಿರು ಇಬ್ಬರಾದರೆ ಒಂದು ಅಡುಗೆಮನೆ ಸಾಲುವುದಿಲ್ಲ. ಓದಿದ ಮಕ್ಕಳಿಗೆ ಪುಣೆ, ಬೆಂಗಳೂರಿನಲ್ಲಿ ಫೀ ಕಟ್ಟಬೇಕು. ಬಾಡಿಗೆ ಬಂದರೆ ಯಾರಿಗೆ ಬೇಡ?

ಆದರೆ ಹಳೇ ಮನೆ ನಮಗೆ ಕೇಳದೇ ಕೊಟ್ಟ ಎಷ್ಟೋ ಸೌಕರ್ಯಗಳಿವೆ. ಎರಡು ಅಡಿ ದಪ್ಪದ ಗೋಡೆ ಏಪ್ರಿಲ್ ಬಿಸಿಲಿನಲ್ಲೂ ತಂಪು ಕೊಡುತ್ತಿತ್ತು. ಬೆಳಕಿಂಡಿಯಿಂದ ಒಲೆಯ ಹೊಗೆ ತಾನೇ ಹೋಗುತ್ತಿತ್ತು. ಹಿತ್ತಲಲ್ಲಿ ಮುಸುರೆ, ಬಟ್ಟೆ, ಹಪ್ಪಳ, ಶಾವಿಗೆ ಎಲ್ಲಕ್ಕೂ ಜಾಗ. ಮುಂದೆ ಒಂದು ಕಟ್ಟೆ. ಸಂಜೆ ಅತ್ತೆ ಆ ಕಟ್ಟೆಯ ಮೇಲೆ ಕುಳಿತರೆ ಓಣಿಯ ಸುದ್ದಿಯೆಲ್ಲ ಅವರ ಮುಂದೆ ಬಂದು ಹೋಗುತ್ತಿತ್ತು. ಹೊಸ ನಕಾಶೆಯಲ್ಲಿ ಇವೆಲ್ಲಕ್ಕೂ ನಾವೇ ಜಾಗ ಕೇಳಿ ಪಡೆಯಬೇಕು. ಕೇಳದಿದ್ದರೆ ಆ ಚದರಡಿಗಳೆಲ್ಲ ಅಂಗಡಿಗೇ ಹೋಗುತ್ತವೆ.

ಮೊದಲ ಕಾಗದ: ಮನೆ ಯಾರ ಹೆಸರಿನಲ್ಲಿದೆ?

ನಕಾಶೆಗಿಂತ ಮೊದಲು ನೋಡಬೇಕಾದ ಕಾಗದ ಇನ್ನೊಂದಿದೆ, ಉತಾರ. ನಮ್ಮ ಮಾವ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆದು, ಉಳಿಸಿದ ದುಡ್ಡಿನಲ್ಲಿ ಈ ಮನೆ ಕೊಂಡಿದ್ದರು. ಅವರು ತೀರಿಹೋಗಿ ಎಷ್ಟೋ ವರ್ಷವಾದರೂ ಸಿಟಿ ಸರ್ವೇ ಉತಾರದಲ್ಲಿ ಅವರ ಹೆಸರೇ ಇತ್ತು. ಸಾಲ ಕೇಳಲು ಹೋದಾಗ ಬ್ಯಾಂಕಿನವರು ವಾರಸುದಾರರೆಲ್ಲ ಬರಲಿ ಅಂದರು.

ವಾರಸುದಾರರು ಅಂದರೆ ಯಾರು? ಅತ್ತೆ, ನಮ್ಮನೆಯವರು, ಮೈದುನ, ರಾಯಬಾಗಕ್ಕೆ ಕೊಟ್ಟ ನಾದಿನಿ. ಮನೆಯಲ್ಲಿ ಮಾತಾಯಿತು: "ಆಕಿ ಪಂಚಮಿಗೆ ಬರ್ತಾಳಲ್ಲ, ಉಂಡಿ ತಿಂದು ಸೋಮವಾರ ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಟ್ಟುಕೊಟ್ಟು ಬಂದ್ರಾತು." ಹಕ್ಕುಬಿಡುಗಡೆ ಪತ್ರ, ಮರಾಠಿಯವರು ಹಕ್ಕಸೋಡ ಎನ್ನುವ ಕಾಗದ, ತಯಾರಾಯಿತು. ನಾನು ನಾದಿನಿಗೆ ಸೀರೆ ತೆಗೆದಿಟ್ಟೆ.

ಆ ಸೀರೆ ಕೈಯಲ್ಲಿ ಹಿಡಿದಾಗ ನನಗೆ ನನ್ನದೇ ನೆನಪಾಯಿತು. ನನ್ನ ತವರು ಅಥಣಿ. ಕೆಲ ವರ್ಷದ ಹಿಂದೆ ಅಲ್ಲಿಯೂ ಹಳೇ ಮನೆ ಕೆಡವಿ ಅಂಗಡಿ ಕಟ್ಟುವಾಗ ನನ್ನನ್ನು ಕರೆಸಿದ್ದರು. ಉಡಿ ತುಂಬಿ ಇಳಕಲ್ ಸೀರೆ ಕೊಟ್ಟರು. ಕಾಗದ ಓದದೇ ಸಹಿ ಮಾಡಿದೆ. ಬಿ.ಎ. ಓದಿದವಳು ನಾನು! ಓದಿದರೆ ಅಣ್ಣನಿಗೆ ಬೇಜಾರಾದೀತು ಎಂದು ಓದಲಿಲ್ಲ. ಈಗಲೂ ಅಲ್ಲಿ ನನಗೆ ಪ್ರೀತಿ ಕಡಿಮೆಯಿಲ್ಲ. ಆದರೆ ಹೋದಾಗ ಅತಿಥಿ ಹಾಗೆ ಕುರ್ಚಿಯ ಮೇಲೆ ಕೂರುತ್ತೇನೆ.

ಆದ್ದರಿಂದ ಈ ನಾಲ್ಕು ಮಾತು ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತಿರಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಮ್ಮ ಭಾಗದ ಲಿಂಗಾಯತ, ಜೈನ ಕುಟುಂಬಗಳಿಗೂ ಅನ್ವಯಿಸುತ್ತದೆ. ಯಜಮಾನರು ತಾವೇ ಗಳಿಸಿದ ಆಸ್ತಿಗೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅವರ ತಾಯಿ ಬದುಕಿದ್ದರೆ ತಾಯಿಗೂ ಒಂದು ಪಾಲು. ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ಪಾಲು.

ಆದರೆ ವಾಸದ ಮನೆಯ ವಿಷಯದಲ್ಲಿ ಆ ಕಾಯ್ದೆಯ 23ನೇ ಕಲಮಿನಲ್ಲಿ ಒಂದು ಕೊಕ್ಕೆ ಇತ್ತು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಮನೆಯಲ್ಲಿ ಪಾಲು ಹಾಕಿಕೊಡಿ ಎಂದು ಕೇಳುವಂತಿರಲಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಆ ಕಲಮನ್ನೇ ತೆಗೆದುಹಾಕಿತು. ಅದೇ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಹುಟ್ಟಿನಿಂದಲೇ ಕೊಟ್ಟಿತು. "ನಮ್ಮಪ್ಪ ಅದಕ್ಕೂ ಮೊದ್ಲೇ ಹೋಗ್ಯಾರ" ಎನ್ನುವವರಿಗೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಉತ್ತರ ಹೇಳಿದೆ. ಮಗಳ ಈ ಹಕ್ಕಿಗೆ 2005ರ ಆ ದಿನ ತಂದೆ ಬದುಕಿರಲೇಬೇಕು ಎಂದೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ಪತ್ರದ ಮೂಲಕ ಪಾಲಾಗಿದ್ದರೆ ಅದನ್ನು ಈ ತಿದ್ದುಪಡಿಯ ಬಲದಿಂದ ಮತ್ತೆ ತೆರೆಯಲು ಬರುವುದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಕಾಯ್ದೆ ಬೇರೆ. ಯಾರೇ ಆದರೂ ಕಾಗದ ತೆಗೆದುಕೊಂಡು ಒಬ್ಬ ವಕೀಲರಿಗೆ ತೋರಿಸುವುದು ಒಳ್ಳೆಯದು.

ಹಕ್ಕು ಬಿಡಬಾರದು ಎಂದು ನಾನು ಹೇಳುತ್ತಿಲ್ಲ. ಅಣ್ಣನ ಪರಿಸ್ಥಿತಿ ನೋಡಿ ಮನಸಾರೆ ಬಿಡುವವರು ಬಿಡಲಿ. ಏನು ಬಿಡುತ್ತಿದ್ದೇವೆ ಎಂದು ಗೊತ್ತಿದ್ದು ಬಿಡಬೇಕು, ಅಷ್ಟೇ. ಒಮ್ಮೆ ನೋಂದಾಯಿಸಿದ ಬಿಡುಗಡೆ ಪತ್ರವನ್ನು ಆಮೇಲೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ.

ನಕಾಶೆಯನ್ನು ನೆಲದ ಮೇಲೆ ಬಿಡಿಸಿ

ಕಾಗದದ ಮೇಲಿನ ನಕಾಶೆ ನಮಗೆ ಅರ್ಥವಾಗುವುದು ಕಷ್ಟ. ಎಂಜಿನಿಯರ್ "ಕಿಚನ್ ಎಂಟು ಬೈ ಏಳು" ಅಂದರೆ ನಾವು ತಲೆ ಆಡಿಸುತ್ತೇವೆ. ಅದು ಎಷ್ಟು ಜಾಗ ಎಂದು ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಉಪಾಯ ರಂಗೋಲಿ!

ಪಂಚಮಿಗೆ ನಾದಿನಿ ಬಂದಾಗ ಮಗನ ಟೇಪು, ಒಂದು ಡಬ್ಬಿ ರಂಗೋಲಿ ಹಿಟ್ಟು ಹಿಡಿದು ಮನೆಯ ಹಿಂದಿನ ಖುಲ್ಲಾ ಜಾಗಕ್ಕೆ ಹೋದೆವು. ಮೇಲಿನ ಮನೆಯನ್ನು ನಕಾಶೆಯಲ್ಲಿದ್ದ ಅಳತೆಯಲ್ಲೇ ನೆಲದ ಮೇಲೆ ಗೆರೆ ಎಳೆದೆವು. ಅಡುಗೆಮನೆಯ ಗೆರೆಯೊಳಗೆ ನಾನು, ನಾದಿನಿ ಇಬ್ಬರೂ ನಿಂತೆವು. ಒಬ್ಬರು ರೊಟ್ಟಿ ಬಡಿಯಲು ಕುಳಿತರೆ ಇನ್ನೊಬ್ಬರು ದಾಟುವುದು ಆಗಲಿಲ್ಲ. ಫ್ರಿಜ್ ಇಟ್ಟರೆ ಬಾಗಿಲು ತೆರೆಯುತ್ತಿರಲಿಲ್ಲ. ಕಾಳಿನ ಡಬ್ಬಿ, ಹಿಟ್ಟಿನ ಡಬ್ಬಿ ಎಲ್ಲಿ? ಬಟ್ಟೆ ಒಗೆಯುವುದು ಎಲ್ಲಿ?

ನಾದಿನಿ ಗೆರೆ ದಾಟುತ್ತ ದಾಟುತ್ತ ಇಡೀ ಮನೆ ತಿರುಗಿದಳು. ಹಾಲ್, ಎರಡು ಬೆಡ್‌ರೂಮ್, ಬಾಲ್ಕನಿ. ಆಮೇಲೆ ನಿಂತು ಕೇಳಿದಳು: "ವೈನಿ, ನಾ ಬಂದ್ರ ಇದ್ರಾಗ ಎಲ್ಲಿ ಮಲಗಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಆಕೆ "ನನಗೇನೂ ಬ್ಯಾಡ, ತವರೊಂದು ಇರಲಿ" ಎನ್ನುತ್ತಿದ್ದಳು. ರಂಗೋಲಿಯ ಗೆರೆಯೊಳಗೆ ಆ ತವರು ಎಲ್ಲಿಯೂ ಕಾಣಲಿಲ್ಲ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಸೋಮವಾರ ಕಚೇರಿಗೆ ಹೋಗೂದು ಬ್ಯಾಡ. ಮೊದಲ ನಕಾಶಿ ಸುದ್ದ ಮಾಡ್ರಿ" ಅಂದರು. ಆ ಮನೆಯಲ್ಲಿ ಅತ್ತೆಯೂ ಪಾಲುದಾರರು. ಅವರ ಸಹಿ ಇಲ್ಲದೆ ಏನೂ ಮುಂದೆ ಹೋಗುವಂತಿರಲಿಲ್ಲ!

ನೀವೂ ಹೀಗೆ ನೆಲದ ಮೇಲೆ ಬಿಡಿಸಿ ನೋಡಿ. ನೋಡುವಾಗ ಇವನ್ನು ಮರೆಯಬೇಡಿ:

• ಮನೆಯ ಮೆಟ್ಟಿಲು ಬೇರೆ, ಅಂಗಡಿಯ ಬಾಗಿಲು ಬೇರೆ ಇರಲಿ. ಅಂಗಡಿಗಳ ಹಿಂದಿನ ಕತ್ತಲೆ ಸಂದಿಯಲ್ಲಿ ಮೆಟ್ಟಿಲು ಇಟ್ಟರೆ ಟ್ಯೂಷನ್ ಮುಗಿಸಿ ಬರುವ ಮಗಳಿಗೆ ದಿನವೂ ಭಯ. ಮೆಟ್ಟಿಲು ರಸ್ತೆಯ ಕಡೆ, ದೀಪದ ಬೆಳಕಿನಲ್ಲಿ, ತನ್ನದೇ ಗೇಟಿನೊಂದಿಗೆ ಇರಲಿ.

• ಮೆಟ್ಟಿಲಿನ ಎತ್ತರ 6 ಇಂಚು, ಕಾಲಿಡುವ ಅಗಲ 11 ಇಂಚು ಇದ್ದರೆ ವಯಸ್ಸಾದವರಿಗೂ ಹಗುರ. ನಡುವೆ ನಿಲ್ಲಲು ಒಂದು ಕಟ್ಟೆ, ಹಿಡಿಯಲು ಕಟಾಂಜನ ಬೇಕೇ ಬೇಕು. ಗ್ಯಾಸ್ ಸಿಲಿಂಡರ್ ಹತ್ತಿ ಬರುವುದೂ ಇದೇ ಮೆಟ್ಟಿಲಿನಲ್ಲಿ.

• ಹಿರಿಯರಿಗೆ ಕೆಳಗೇ ಒಂದು ಖೋಲಿ, ಅದಕ್ಕೆ ಹೊಂದಿ ಬಚ್ಚಲು, ಶೌಚಾಲಯ. ಇವತ್ತು ಅತ್ತೆಗೆ, ನಾಳೆ ನಮಗೆ.

• ಅಂಗಡಿಯವರಿಗೆ ಬೇರೆ ಶೌಚಾಲಯ, ಬೇರೆ ನೀರಿನ ಟ್ಯಾಂಕು. ಇಲ್ಲದಿದ್ದರೆ ಅವರು ನಿಮ್ಮ ಮನೆಗೇ ಬರುತ್ತಾರೆ.

• ಮಳೆನೀರು ಚರಂಡಿಗೆ ಬಿಡಬೇಡಿ. 1,000 ಚದರಡಿ ಮಾಳಿಗೆಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 929 ಲೀಟರ್ ನೀರು! ಬಳಸಲು ಒಂದು ಸೋಸುಗುಂಡಿ, ಒಂದು ನೆಲದ ಟ್ಯಾಂಕು ಸಾಕು.

• ಮೇಲಿನ ಸ್ಲ್ಯಾಬು ಬೇಸಿಗೆಯಲ್ಲಿ ಕಾದ ಹೆಂಚೇ ಸರಿ. ಅದರ ಮೇಲೆ ಬಿಳಿ ಬಣ್ಣ ಅಥವಾ ಬಿಳಿ ಟೈಲ್ಸ್ ಹಾಕಿಸಲು ಲೆಕ್ಕದಲ್ಲಿ ಈಗಲೇ ದುಡ್ಡು ಹಿಡಿದಿಡಿ. ಹಪ್ಪಳ, ಬಟ್ಟೆಗೆ ಒಂದು ಭಾಗ, ತುಳಸಿಗೆ ಒಂದು ಮೂಲೆ ಬಿಡಿಸಿಕೊಳ್ಳಿ.

ಅಂಗಡಿ ಯಾರಿಗೆ?

ಬಾಡಿಗೆ ಹೆಚ್ಚು ಕೊಡುವವರೇ ಒಳ್ಳೆಯ ಬಾಡಿಗೆದಾರರು ಎಂದು ಗಂಡಸರ ಲೆಕ್ಕ. ಆದರೆ ದಿನದ 24 ತಾಸೂ ಆ ಅಂಗಡಿಯ ಮೇಲೆ ಬದುಕುವವರು ನಾವು. ಕೆಳಗೆ ಹೋಟೆಲ್ ಬಂದರೆ 19 ಕಿಲೋ ತೂಕದ ವ್ಯಾಪಾರಿ ಸಿಲಿಂಡರುಗಳು ನಿಮ್ಮ ಮಲಗುವ ಕೋಣೆಯ ಕೆಳಗೇ ಸಾಲಾಗಿ ನಿಲ್ಲುತ್ತವೆ. ಎಣ್ಣೆಯ ಹೊಗೆ, ಜಿರಳೆ, ರಾತ್ರಿಯ ಗದ್ದಲ ಬೇರೆ. ಬಣ್ಣದ ಅಂಗಡಿ, ಪಟಾಕಿ ದಾಸ್ತಾನು, ವೆಲ್ಡಿಂಗ್ ಬೇಡವೇ ಬೇಡ. ಔಷಧಿ ಅಂಗಡಿ, ಬಟ್ಟೆ, ಸ್ಟೇಷನರಿ, ಟೇಲರಿಂಗ್, ಬ್ಯೂಟಿ ಪಾರ್ಲರ್, ಕ್ಲಿನಿಕ್ ಇಂಥವು ಮನೆಯ ಜೊತೆ ಹೊಂದುತ್ತವೆ. ಯಾವ ವ್ಯಾಪಾರ, ಎಷ್ಟು ಗಂಟೆಗೆ ಶಟರ್ ಮುಚ್ಚಬೇಕು, ಮುಂದಿನ ಜಾಗದಲ್ಲಿ ಏನು ಇಡಬಾರದು, ಎಲ್ಲವನ್ನೂ ಕರಾರಿನಲ್ಲಿ ಬರೆಸಿ.

ಕರಾರು 11 ತಿಂಗಳಿಗೆ ಏಕೆ ಮಾಡುತ್ತಾರೆ ಗೊತ್ತೇ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು ಬೇಡವೆಂದು 11 ತಿಂಗಳು. ಹಾಗಾದರೆ ಪ್ರತಿ ಸಲ ಅವಧಿ ಮುಗಿದಾಗ ಹೊಸ ಕರಾರು ಬರೆಸುವುದನ್ನು ಮರೆಯಬೇಡಿ.

ಕರೆಂಟಿನ ಮೀಟರ್ ಅಂಗಡಿಗೊಂದು, ಮನೆಗೊಂದು ಬೇರೆ ಬೇರೆ ಇರಲಿ. ಮನೆಯ ದರ ಬೇರೆ, ವಾಣಿಜ್ಯ ದರ ಬೇರೆ. 2023ರಲ್ಲಿ ಬಂದ ಗೃಹಜ್ಯೋತಿಯ ಸೌಲಭ್ಯ ಮನೆಯ ಮೀಟರಿಗೆ ಮಾತ್ರ. "ನಿಮ್ಮ ಮನಿಯಿಂದ ಒಂದು ವೈರ್ ಕೊಡ್ರಿ ಅಕ್ಕಾರ" ಎಂದು ಅಂಗಡಿಯವರು ಕೇಳಿದರೆ ನಯವಾಗಿ ಇಲ್ಲ ಎನ್ನಿ. ಕಟ್ಟಡದ ಪರವಾನಗಿಯೂ ಹಾಗೆಯೇ. ವಾಸದ ಮನೆ ಎಂದು ಪರವಾನಗಿ ತೆಗೆದು ಶಟರ್ ಹಾಕಿಸಿದರೆ ನಾಳೆ ನೋಟಿಸು ಬರುವುದು ಮನೆಯ ಬಾಗಿಲಿಗೆ. ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿ ಯಾವುದೇ ಇರಲಿ, ಅರ್ಜಿಯಲ್ಲಿ ಅಂಗಡಿ ಎಷ್ಟು, ಮನೆ ಎಷ್ಟು ಎಂದು ಸರಿಯಾಗಿ ತೋರಿಸಿ. ತೆರಿಗೆ ಸ್ವಲ್ಪ ಹೆಚ್ಚಾದರೂ ನಿದ್ದೆ ಬರುತ್ತದೆ.

ಡಿಪಾಜಿಟ್ ಆದಾಯವಲ್ಲ!

ನಮ್ಮ ಊರುಗಳಲ್ಲಿ ಒಂದು ಪದ್ಧತಿಯಿದೆ. ಪಾಯ ತೆಗೆಯುವ ಮೊದಲೇ ಅಂಗಡಿ ಬೇಕೆಂದವರ ಹತ್ತಿರ ಡಿಪಾಜಿಟ್ ತೆಗೆದುಕೊಂಡು ಅದರಲ್ಲೇ ಕಾಲಂ ಎಬ್ಬಿಸುವುದು. ನಮ್ಮ ಮೈದುನನ ಯೋಚನೆಯೂ ಇದೇ. ಒಬ್ಬರಿಂದ 2 ಲಕ್ಷದಂತೆ ನಾಲ್ವರಿಂದ 8 ಲಕ್ಷ ಬಂತು ಎಂದುಕೊಳ್ಳಿ. ಅದು ಕಬ್ಬಿಣ, ಸಿಮೆಂಟಿನಲ್ಲಿ ಕರಗಿತು. ಎರಡು ವರ್ಷದ ಮೇಲೆ ಇಬ್ಬರು ಅಂಗಡಿ ಬಿಟ್ಟರೆ 4 ಲಕ್ಷ ಎಲ್ಲಿಂದ ತರುವುದು? ಕೊನೆಗೆ ಕಣ್ಣು ಹೋಗುವುದು ನಮ್ಮ ಬಂಗಾರದ ಮೇಲೆ! ಡಿಪಾಜಿಟ್ ಎಂದರೆ ಬಡ್ಡಿಯಿಲ್ಲದ ಸಾಲ ಎಂದೇ ತಿಳಿಯಿರಿ. ಅದರಲ್ಲಿ ಅರ್ಧವನ್ನಾದರೂ ಬ್ಯಾಂಕಿನಲ್ಲಿ ಮುಟ್ಟದೆ ಇಡಿ.

ಬ್ಯಾಂಕ್ ಸಾಲಕ್ಕೆ ನಿಮ್ಮ ಸಹಿ ಕೇಳುತ್ತಾರೆ. ಸಹಸಾಲಗಾರರಾಗಿ ಸಹಿ ಮಾಡಿದರೆ ಇಡೀ ಸಾಲಕ್ಕೆ ನೀವೂ ಹೊಣೆ. ಆದರೆ ಸಾಲದ ಕಾಗದದಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆಯ ಕಾಗದದಲ್ಲಿ ಹೆಸರು ಬರುವುದಿಲ್ಲ. "ಸಾಲದಾಗ ನಾನು ಅದೀನಿ, ಉತಾರದಾಗ ಎಲ್ಲಿ ಅದೀನಿ?" ಎಂದು ನಗುನಗುತ್ತಲೇ ಕೇಳಿ. ನಾನು ಕೇಳಿದೆ. ನಮ್ಮನೆಯವರು ಮೊದಲು ನಕ್ಕರು, ಆಮೇಲೆ ಯೋಚನೆಗೆ ಬಿದ್ದರು.

ಕೆಲವರು ಕಟ್ಟುವ ಗೊಡವೆಯೇ ಬೇಡವೆಂದು ಜಾಗ ಬಿಲ್ಡರಿಗೆ ಕೊಟ್ಟು ಅರ್ಧ ಅಂಗಡಿ, ಅರ್ಧ ಮನೆ ಪಡೆಯುತ್ತಾರೆ. ಆಗ ಕರಾರು, ಅಧಿಕಾರಪತ್ರ ಎರಡನ್ನೂ ಓದಿಸಿ ಕೇಳಿ. ನಿಮ್ಮ ಪಾಲು ಯಾವ ಅಂತಸ್ತಿನಲ್ಲಿ, ಯಾವ ದಿಕ್ಕಿಗೆ, ಎಷ್ಟು ಚದರಡಿ? ತಡವಾದರೆ ನಿಮ್ಮ ಬಾಡಿಗೆ ಮನೆಯ ಖರ್ಚು ಯಾರದು? 2016ರ ರೇರಾ ಕಾಯ್ದೆ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮೀರದ ಮನೆಗಳ ಯೋಜನೆಗೆ ಅಲ್ಲಿ ನೋಂದಣಿ ಕಡ್ಡಾಯವಲ್ಲ. ನಮ್ಮಂಥ ಊರಿನ 40 ಅಡಿ ಅಗಲ, 60 ಅಡಿ ಉದ್ದದ ಜಾಗ ಬರೀ 223 ಚದರ ಮೀಟರ್.

ಕೆಡಹುವಾಗ, ಕಟ್ಟುವಾಗ

ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದ ಮೇಲೆ ನಮ್ಮ ಮನೆಗೆ ಗುದ್ದಲಿ ಬಿತ್ತು. ಅದಕ್ಕೂ ಮೊದಲು ನಾನು ಒಂದು ವಹಿಯಲ್ಲಿ ಪಟ್ಟಿ ಬರೆದಿದ್ದೆ. ಸಾಗವಾನಿ ತೊಲೆ ಎಷ್ಟು, ಕಂಬ ಎಷ್ಟು, ಬಾಗಿಲು, ಚೌಕಟ್ಟು, ಕಲ್ಲು, ಬೀಸುವ ಕಲ್ಲು, ಒರಳು. ಕೆಡಹುವವರು "ಎಲ್ಲಾ ಹಳೇ ಕಟಿಗಿ ನಮಗ ಬಿಡ್ರಿ, ಕೂಲಿ ಕಡಿಮಿ ಮಾಡ್ತೀವಿ" ಅಂದಿದ್ದರು. ಪಟ್ಟಿ ಮಾಡಿ ಬೆಲೆ ಕೇಳಿದಾಗ ಆ ಕಟ್ಟಿಗೆಯ ಬೆಲೆಯೇ ಕೂಲಿಗಿಂತ ಹೆಚ್ಚಿತ್ತು! ತಲಬಾಗಿಲು ಮಾತ್ರ ಮಾರಲಿಲ್ಲ.

ಪಕ್ಕದವರ ಜೊತೆಗಿನ ಸಾಮಾಯಿಕ ಗೋಡೆಯ ಫೋಟೊ ತೆಗೆದಿಡಿ, ಅವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಕರೆಂಟು ಕಡಿತ ಮಾಡಿಸಿಯೇ ಗೋಡೆ ಮುಟ್ಟಿಸಿ. ಇನ್ನೊಂದು ಬಹಳ ಮುಖ್ಯ. ನಮ್ಮ ಕಡೆಯ ಹಳೇ ಮನೆಗಳ ನೆಲದಲ್ಲಿ ಜೋಳ ತುಂಬುತ್ತಿದ್ದ ಹಗೇವು ಇರುತ್ತದೆ. ಮೇಲೆ ಹಾಸುಗಲ್ಲು ಮುಚ್ಚಿ ಎಷ್ಟೋ ವರ್ಷವಾಗಿ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ನಮ್ಮ ಮನೆಯ ಹಗೇವು ಎಲ್ಲಿದೆ ಎಂದು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಕಾಲಂ ಬರುವ ಜಾಗಕ್ಕೆ ಸರಿಯಾಗಿ ಅದು ಇತ್ತು! ಹಾಗೇ ಬಿಟ್ಟಿದ್ದರೆ ಕಾಲಂ ಕುಸಿಯುತ್ತಿತ್ತು. ಹಗೇವು, ಹಳೇ ಬಾವಿ ಎಲ್ಲಿದ್ದವೆಂದು ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ ಎಂಜಿನಿಯರಿಗೆ ಹೇಳಿ.

ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಅದನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು. ನದಿ ದಂಡೆಯ ಯಡೂರು, ಕುಡಚಿ, ಜುಗೂಳ ಕಡೆಯವರಿಗೆ 2005, 2019, 2021ರ ಮಹಾಪೂರ ಮರೆತಿರಲಿಕ್ಕಿಲ್ಲ. ಅಂಥಲ್ಲಿ ನೆಲಮಟ್ಟ ಎತ್ತರಿಸಿ, ಕೆಳಗಿನ ಸ್ವಿಚ್, ಮೀಟರು ಆದಷ್ಟು ಮೇಲೆ ಇರಲಿ.

ಕಟ್ಟುವವರು ದುಡಿದು ಹೋದ ಮೇಲೆ ಕಾಲಂ, ಸ್ಲ್ಯಾಬಿಗೆ ನೀರು ಹಾಕುವುದು ಹೆಚ್ಚಾಗಿ ನಮ್ಮದೇ ಪಾಲು. ಸಾದಾ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟಾದರೆ 10 ದಿನ, ಬೇಸಿಗೆಯಲ್ಲಿ ಎರಡು ವಾರ ಒಣಗಲು ಬಿಡಬೇಡಿ.

ಒಪ್ಪಿಗೆಯಾದ ನಕಾಶೆಗಿಂತ ಒಂದು ಅಂತಸ್ತೂ ಹೆಚ್ಚು ಏರಿಸಬೇಡಿ. ಮೇಲೆ ಕೆಲಸ ನಡೆದಿರುವಾಗ ಕೆಳಗಿನ ಅಂಗಡಿ ಬಾಡಿಗೆಗೆ ಕೊಡಬೇಡಿ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದಾಗ ಕೆಳಗಿನ ಅಂಗಡಿಗಳು ಆಗಲೇ ಶುರುವಾಗಿದ್ದವು. 19 ಜನ ಸತ್ತರು. ಎರಡು ತಿಂಗಳ ಬಾಡಿಗೆಯ ಆಸೆ ಅಷ್ಟು ದೊಡ್ಡದಲ್ಲ.

ನಮ್ಮ ಮನೆ ಏನಾಯಿತು?

ಪಂಚಮಿಯ ಆ ರಂಗೋಲಿಯ ನಂತರ ಮನೆಯಲ್ಲಿ ಜಗಳವಾಗಲಿಲ್ಲ ಎಂದರೆ ಸುಳ್ಳಾದೀತು. ಮೈದುನ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಒಂದು ಅಂಗಡಿ ಕಡಿಮಿ ಆದ್ರ ತಿಂಗಳಿಗೆ ಐದು ಸಾವಿರ ಹ್ವಾದಂಗ" ಎಂದು ದಿನವೂ ಲೆಕ್ಕ ಹೇಳುತ್ತಿದ್ದ. ಅವನ ಲೆಕ್ಕ ತಪ್ಪೇನಲ್ಲ, ವರ್ಷಕ್ಕೆ 60 ಸಾವಿರ ಸಣ್ಣ ಮಾತಲ್ಲ. ಕೊನೆಗೆ ಅತ್ತೆ ಒಂದೇ ಮಾತು ಹೇಳಿದರು: "ನಿಮ್ಮಪ್ಪ ಈ ಮನಿ ಕೊಂಡಿದ್ದು ನಾವು ಇರಾಕ. ಮೊದಲ ಇರೂದು, ಆಮ್ಯಾಲ ಬಾಡಿಗಿ."

ನಕಾಶೆ ಬದಲಾಯಿತು. ನಾಲ್ಕು ಶಟರಿನ ಜಾಗದಲ್ಲಿ ಮೂರು. ಉಳಿದ ಜಾಗದಲ್ಲಿ ರಸ್ತೆಗೆ ಮುಖ ಮಾಡಿ ಗೇಟು, ಮೆಟ್ಟಿಲು, ಅದರ ಪಕ್ಕಕ್ಕೆ ಅತ್ತೆಯ ಖೋಲಿ, ಬಚ್ಚಲು. ಹಕ್ಕುಬಿಡುಗಡೆಯ ಬದಲು ನಾಲ್ಕೂ ಜನ ಸೇರಿ ಪಾಲುಪತ್ರ ನೋಂದಾಯಿಸಿದರು. ನಾದಿನಿ ಮೇಲಿನ ಮನೆಯ ಹಕ್ಕು ಅಣ್ಣತಮ್ಮಂದಿರಿಗೆ ಬಿಟ್ಟಳು. ಕೆಳಗಿನ ಒಂದು ಅಂಗಡಿ ಅವಳ ಹೆಸರಿಗೆ. ಅತ್ತೆಯ ಪಾಲು ಅತ್ತೆಯ ಹೆಸರಿನಲ್ಲೇ ಉಳಿಯಿತು. ಅವರ ಪಾಲಿನ ಅಂಗಡಿಯ ಬಾಡಿಗೆ ಅವರದೇ ಪಾಸ್‌ಬುಕ್ಕಿಗೆ ಬರುತ್ತದೆ. ಔಷಧಿಗೆ ಯಾರನ್ನೂ ಕೇಳುವ ಹಾಗಿಲ್ಲ.

ಎಲ್ಲವೂ ಸುಖಾಂತ್ಯವೇನಲ್ಲ. ಸಾಲದ ಕಂತು ಇನ್ನೂ ಬಹಳ ವರ್ಷ ಕಟ್ಟಬೇಕು. ಏಪ್ರಿಲ್ ಬಂದರೆ ಮೇಲಿನ ಮನೆ ಕಾಯುತ್ತದೆ, ಹಳೇ ಗೋಡೆಯ ತಂಪು ನೆನಪಾಗುತ್ತದೆ. ಅಡುಗೆಮನೆಯನ್ನು ಎರಡು ಅಡಿ ಹೆಚ್ಚಿಸಿಕೊಂಡಿದ್ದಷ್ಟೇ ನನ್ನ ಗೆಲುವು. ಆದರೆ ಮೊನ್ನೆ ಪಂಚಮಿಗೆ ನಾದಿನಿ ಬಂದಾಗ ಅತ್ತೆಯ ಖೋಲಿಯಲ್ಲಿ ತಾಯಿ ಮಗಳು ಮಧ್ಯರಾತ್ರಿಯವರೆಗೆ ಮಾತಾಡುತ್ತಿದ್ದರು. ಹಳೇ ತಲಬಾಗಿಲನ್ನು ಆ ಖೋಲಿಗೇ ಕೂರಿಸಿದ್ದೇವೆ. ಅದರ ಮುಂದೆ ಒಂದು ಸಣ್ಣ ಕಟ್ಟೆ. ಸಂಜೆಯಾದರೆ ಅತ್ತೆ ಅಲ್ಲಿ ಕುಳಿತಿರುತ್ತಾರೆ. ಅಂಗಡಿಗೆ ಬಂದ ಹೆಂಗಸರು ಚೀಲ ಕೆಳಗಿಟ್ಟು ಅರ್ಧ ತಾಸು ಮಾತಾಡಿ ಹೋಗುತ್ತಾರೆ.

ಅಥಣಿಯ ನನ್ನ ಸಹಿ ಆಗಿಹೋಯಿತು. ಅದನ್ನು ಹಿಂದಕ್ಕೆ ಕೇಳುವ ಮನಸ್ಸು ನನಗಿಲ್ಲ. ಆದರೆ ನನ್ನ ಮಗಳಿಗೆ ಈಗಲೇ ಹೇಳಿಕೊಟ್ಟಿದ್ದೇನೆ, ಯಾರೇ ಕೊಡಲಿ, ಕಾಗದ ಓದಿ ಸಹಿ ಮಾಡು ಎಂದು.

ನಿಮ್ಮ ಮನೆಯಲ್ಲೂ ಒಂದು ದಿನ ಪಡಸಾಲೆಯಲ್ಲಿ ನಕಾಶೆ ಬಿಚ್ಚುತ್ತಾರೆ. ಆಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ಅತ್ತೆಯನ್ನೂ ಕರೆಯಿರಿ, ನಾದಿನಿಗೂ ಫೋನ್ ಮಾಡಿ. ನೀವೂ ಒಂದು ಕಪ್ ಚಹಾ ಹಿಡಿದು ಅಲ್ಲೇ ಕುಳಿತುಕೊಳ್ಳಿ. ಏನಂತೀರಿ?